ಶೀಗಿ ಹುಣ್ಣಿಮೆಯ ಎರಡು ಉಬ್ಬುಗಳು

ಶೀಗಿ ಹುಣ್ಣಿಮೆ ಬಂತೆಂದರೆ ಆ ಗ್ರಾಫ್ ನೆನಪಾಗಿ ಈಗಲೂ ಕರುಳು ಹಿಂಡಿದಂತಾಗುತ್ತದೆ.

ದೂರದ ಬೆಟ್ಟದ ದೂರದರ್ಶಕವನ್ನು ನಾವು ಬೆಂಗಳೂರಿನ ಕೊಠಡಿಯಲ್ಲಿ ಕುಳಿತೇ ನಡೆಸುತ್ತೇವೆ. ಆ ಅಕ್ಟೋಬರಿನಲ್ಲಿ ಬೆಳಕಿನ ಧ್ರುವೀಕರಣ ಅಳೆಯುವ ನಮ್ಮ ಪೋಲಾರಿಮೀಟರಿಗೆ ಸಿಕ್ಕಿದ್ದು ನಾಲ್ಕು ರಾತ್ರಿಗಳು, ನಾಲ್ಕೂ ಹುಣ್ಣಿಮೆಯ ಆಸುಪಾಸಿನವು. ‘ನಿಮ್ಮದು ಪ್ರಕಾಶದ ನಕ್ಷತ್ರ, ಕತ್ತಲೆ ಏಕೆ ಬೇಕು?’ ಎನ್ನುವುದು ಸಮಯ ಹಂಚುವ ಸಮಿತಿಯ ಹಳೆಯ ಉತ್ತರ.

ನಕ್ಷತ್ರ ಎಚ್‌ಡಿ 189733. ಅದರ ಗ್ರಹ 2.2 ದಿನಕ್ಕೊಂದು ಸುತ್ತು ಹಾಕುತ್ತದೆ. ಗ್ರಹದ ವಾತಾವರಣದಲ್ಲಿ ಚದುರಿ ಬಂದ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಗ್ರಹ ನಕ್ಷತ್ರದ ಪಕ್ಕಕ್ಕೆ ಸರಿದಾಗ, ಸುತ್ತಿಗೆ ಎರಡು ಸಲ, ಈ ಧ್ರುವೀಕರಣ ಏರಬೇಕು. 2008ರಲ್ಲಿ ಒಂದು ತಂಡ ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಏರಿಳಿತ ಕಂಡಿತೆಂದು ಪ್ರಕಟಿಸಿತ್ತು. ಮರುವರ್ಷ ಇನ್ನೊಂದು ತಂಡ ಹುಡುಕಿದಾಗ ಅದು ಸಿಗಲಿಲ್ಲ. ನಮಗೆ ಸಿಗಲಿ ಎಂಬ ಆಸೆ ನನ್ನಲ್ಲಿ ಬೇರೂರಿತ್ತು.

ಸಮಯ ಉಳಿಸಲೆಂದು, ನಕ್ಷತ್ರದ ಅಳತೆಯಿಂದ ಕಳೆಯಬೇಕಾದ ಹಿನ್ನೆಲೆ ಆಕಾಶದ ಅಳತೆಯನ್ನು ನಾನು ರಾತ್ರಿಯ ಆರಂಭದಲ್ಲಿ ಒಮ್ಮೆ ಮಾತ್ರ ತೆಗೆದುಕೊಂಡೆ. ಉಳಿದ ಹೊತ್ತೆಲ್ಲ ನಕ್ಷತ್ರಕ್ಕೇ.

ಐದನೆಯ ದಿನದ ಬೆಳಗಿನ ಜಾವ ಧ್ರುವೀಕರಣದ ಪ್ರಮಾಣ, ದಿಕ್ಕು ಹೇಳುವ ಕ್ಯೂ, ಯು ಎಂಬ ಎರಡು ಅಳತೆಗಳನ್ನೂ ಗ್ರಹದ ಕಕ್ಷೆಯ ಲೆಕ್ಕಕ್ಕೆ ಹೊಂದಿಸಿ ನೋಡಿದೆ. ಎರಡು ಉಬ್ಬುಗಳು! ಇರಬೇಕಾದ ಜಾಗದಲ್ಲೇ, ಹೆಚ್ಚುಕಡಿಮೆ ಆ ತಂಡ ಹೇಳಿದಷ್ಟೇ ಎತ್ತರ. ಫಿಟ್ಟಿಂಗ್ ಮೂರು ಸಲ ಓಡಿಸಿದೆ. ಮೌಸ್ ಹಿಡಿದ ಕೈ ಬೆವೆತಿತ್ತು. ಧ್ರುವೀಕರಣ ಎಷ್ಟೆಂದು ಮೊದಲೇ ಗೊತ್ತಿದ್ದು ಹೋಲಿಕೆಗೆಂದು ಅಳೆಯುವ ಸ್ಟ್ಯಾಂಡರ್ಡ್ ನಕ್ಷತ್ರದ ಫೈಲನ್ನು ಮಾತ್ರ ತೆರೆಯಲಿಲ್ಲ. ‘ಮೇಡಂ, ಸಿಕ್ಕಿತು’ ಎಂದು ಸಂದೇಶ ಕಳಿಸಿಬಿಟ್ಟೆ.

ಏಳು ಗಂಟೆಗೆಲ್ಲ ಬಂದ ಮೇಡಂ ಪರದೆಯನ್ನು ಬಹಳ ಹೊತ್ತು ನೋಡಿದರು. ಆ ಮೌನದಲ್ಲಿ ನಾನು ಅಭಿನಂದನೆಗೆ ಕಾಯುತ್ತಿದ್ದೆ.

“ಚಂದ್ರ ಎಲ್ಲಿದ್ದ?”

ಅಶ್ವಿನಿಯ ಹತ್ತಿರ. ನಮ್ಮ ನಕ್ಷತ್ರ ಅಲ್ಲಿಂದ ಸುಮಾರು 85 ಡಿಗ್ರಿ ದೂರ. ಉತ್ತರ ಹೇಳುತ್ತಿರುವಾಗಲೇ ನನ್ನ ಬಾಯಿ ಒಣಗಿತು.

ಮೇಡಂ ಡ್ರಾಯರಿನಿಂದ ಗೀರುಬಿದ್ದ ಪೋಲರಾಯ್ಡ್ ಹಾಳೆ ತೆಗೆದುಕೊಂಡು ಮಹಡಿಗೆ ಕರೆದೊಯ್ದರು. ಮೋಡ ಸರಿದ ಕಡೆ, ಸೂರ್ಯನಿಗೆ ಲಂಬವಾದ ದಿಕ್ಕಿಗೆ ಹಿಡಿದು ತಿರುಗಿಸಿದರು. ನೀಲಿ ಕಡುವಾಯಿತು, ತಿಳಿಯಾಯಿತು, ಮತ್ತೆ ಕಡುವಾಯಿತು. ಬೆಳಕಿನ ಮೂಲದಿಂದ 90 ಡಿಗ್ರಿಯಷ್ಟು ದೂರದ ಆಕಾಶದಲ್ಲೇ ಧ್ರುವೀಕರಣ ಅತಿ ಹೆಚ್ಚು. ಬೆಳದಿಂಗಳಿಗೂ ಇದೇ ಗಾಳಿ, ಇದೇ ಚದುರುವಿಕೆ. ನಾನು ಅಳೆದದ್ದು ನಮ್ಮದೇ ಭೂಮಿಯ ವಾತಾವರಣವನ್ನು. ಸ್ಟ್ಯಾಂಡರ್ಡ್ ನಕ್ಷತ್ರದ ಫೈಲಿನಲ್ಲೂ ಚಂದ್ರ ಮೇಲೇರಿದಂತೆ ಅದೇ ಏರಿಕೆ ಇತ್ತು.

ಚಂದ್ರನ ಕೋನವನ್ನು ನಿಯಂತ್ರಣ ಪರದೆಯಲ್ಲಿ ತೋರಿಸಿ ಎಂದು ಸಾಫ್ಟ್‌ವೇರಿನವರಿಗೆ ಎರಡು ಸಲ ಬರೆದಿದ್ದೇನೆ, ಇನ್ನೂ ಬಂದಿಲ್ಲ. ಧ್ರುವೀಕರಣದ ದಿಕ್ಕನ್ನು ತಿರುಗಿಸುವ ಹಾಫ್ ವೇವ್ ಪ್ಲೇಟಿನ ಪ್ರತಿ ಸುತ್ತಿಗೂ ಈಗ ಆಕಾಶದ ಅಳತೆ ತೆಗೆಯುತ್ತೇನೆ. ನಕ್ಷತ್ರಕ್ಕೆ ಸಿಗುವ ಸಮಯ ಕಡಿಮೆಯಾಗಿದೆ. ಅಮಾವಾಸ್ಯೆಯ ನಾಲ್ಕು ರಾತ್ರಿ ಕೇಳಿದ್ದೆ. ಸಮಿತಿ ಎರಡು ಕೊಟ್ಟಿದೆ.