ಕೈಯಲ್ಲಿ ಕೆಲಸವಿದ್ದೂ ನಿದ್ದೆ ಏಕೆ ಬಾರದು?

ದಾವಣಗೆರೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ಅತಿಥಿ ಉಪನ್ಯಾಸಕ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ, ಜಯದೇವ ವೃತ್ತದಲ್ಲಿ ಹಳೆಯ ಸಹಪಾಠಿಗಳು ಎದುರಾದಾಗಲೂ ಕೇಳಿಬರುವ ಪ್ರಶ್ನೆ ಒಂದೇ: "ಕೈಯಲ್ಲಿ ಕೆಲಸ ಇದೆ, ದುಡ್ಡೂ ಬರುತ್ತದೆ, ನಿಮಗೆ ಯಾತರ ಚಿಂತೆ ಮೇಷ್ಟ್ರೇ?"

ಉತ್ತರವನ್ನು ಅಪ್ಪನಿಂದ ಆರಂಭಿಸುತ್ತೇನೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅವರು ಇಲ್ಲಿನ ಹತ್ತಿ ಗಿರಣಿಯೊಂದರ ಬದಲಿ ಕಾರ್ಮಿಕರಾಗಿದ್ದರು. ಕಾಯಂ ಕಾರ್ಮಿಕ ಗೈರಾದ ದಿನ ಮಾತ್ರ ಬದಲಿಯವನಿಗೆ ಪಾಳಿ ಸಿಗುತ್ತಿದ್ದುದರಿಂದ, ಅಪ್ಪ ಬುತ್ತಿ ಕಟ್ಟಿಸಿಕೊಂಡು ಸೈರನ್ನಿಗೆ ಮೊದಲೇ ಗೇಟಿನ ಮುಂದೆ ನಿಲ್ಲುತ್ತಿದ್ದರು. ಪಾಳಿ ಸಿಗದ ದಿನ ಬುತ್ತಿಯನ್ನು ಮನೆಗೆ ತರುತ್ತಿರಲಿಲ್ಲ. ಎಲ್ಲೋ ಮರದಡಿ ಉಂಡು, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಖಾಲಿ ಡಬ್ಬಿಯೊಂದಿಗೆ ಬರುತ್ತಿದ್ದರು. ಅವ್ವನಿಗೆ ಅದು ಗೊತ್ತಿತ್ತು, ಕೇಳುತ್ತಿರಲಿಲ್ಲ. ಒಂದು ವರ್ಷದ ನಿರಂತರ ಸೇವೆ ಮುಗಿಸಿದವನನ್ನು ಬದಲಿ ಎಂದು ಪರಿಗಣಿಸುವಂತಿಲ್ಲವೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳುತ್ತಿತ್ತು. ಅಪ್ಪನಿಗೆ ದಕ್ಕದೇ ಹೋದದ್ದು ಆ 'ನಿರಂತರ' ಎಂಬ ಪದವೇ.

ನನ್ನ ಪಾಲಿಗೆ ಗೇಟಿನ ಜಾಗದಲ್ಲಿ ಇರುವುದು 'ವರ್ಕ್‌ಲೋಡ್', ಅಂದರೆ ವಿಭಾಗದಲ್ಲಿ ಲಭ್ಯವಿರುವ ಪಾಠದ ಗಂಟೆಗಳು. ನೇಮಕಾತಿ ವರ್ಷದ ಮಟ್ಟಿಗೆ ಮಾತ್ರ. ಕಾಯಂ ಪ್ರಾಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಅತಿಥಿ ಎದ್ದು ಹೋಗಬೇಕು. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು 11-13 ಸಾವಿರದಿಂದ, ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ, 26ರಿಂದ 32 ಸಾವಿರಕ್ಕೆ ಏರಿಸಿತು. ಎಲ್ಲರೂ ಅಭಿನಂದಿಸಿದರು. ಆದರೆ ಅದೇ ಆದೇಶ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ, ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೇ ಸಾಲುವಂತಾಯಿತು. ನಾನೂ ನನ್ನ ವಿಭಾಗದ ಗೆಳೆಯನೂ ವೇಳಾಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗಂಟೆಗಳನ್ನು ಕೂಡಿದೆವು. ಒಟ್ಟು ಹದಿನೆಂಟು. ಆತ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಏನೂ ಹೇಳದೆ ತರಗತಿಗೆ ಹೋದ. ಅಂದಿನಿಂದ ಆತ ರಜೆ ಹಾಕಿದ ದಿನ ನನ್ನೊಳಗೆ ಒಂದು ಬಗೆಯ ಹಗುರ ಮೂಡುತ್ತಿತ್ತು. ನಿದ್ದೆಗೇಡಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಆ ಹಗುರ.

ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂದು ತಿಳಿದದ್ದು ತಡವಾಗಿ. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನದ ನಡುವೆ ಒಂದು ಇಲಾಖೆಯನ್ನು ಖಾಸಗಿಗೆ ಕೊಡುವ ಸುದ್ದಿ ಬಂತು. ಯಾರೂ ಇನ್ನೂ ಕೆಲಸ ಕಳೆದುಕೊಂಡಿರಲಿಲ್ಲ. ಆದರೂ ಅಲ್ಲಿನ ಪುರುಷ ನೌಕರರು ತಮ್ಮ ಆರೋಗ್ಯ ಕುಸಿದಿದೆಯೆಂದು, ಉಳಿದ ಇಲಾಖೆಗಳವರಿಗಿಂತ ಹೆಚ್ಚಾಗಿ, ಹೇಳತೊಡಗಿದ್ದರು. ಕೆಲಸ ಹೋದವನು ಅತ್ತು, ಸಾಲ ಮಾಡಿ, ಬೇರೆ ದಾರಿ ಹುಡುಕಿಕೊಂಡಾನು. ಹೋಗಬಹುದು ಎಂದಿರುವವನಿಗೆ ಅಳುವುದಕ್ಕೂ ಕಾರಣವಿಲ್ಲ, ಹೊರಡುವುದಕ್ಕೂ ಧೈರ್ಯವಿಲ್ಲ.

ಆಸೆಯೂ ದಣಿಸುತ್ತದೆ. ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲವೆಂದು, ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ ಹೇಳಿತ್ತು. ಆದರೂ ಬಜೆಟ್ ಹತ್ತಿರವಾದಾಗಲೆಲ್ಲ "ಈ ಸಲ ಏನೋ ಮಾಡ್ತಾರಂತೆ" ಎಂಬ ಮಾತು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ, ನಾನು ಪ್ರತಿ ಸಲವೂ ನಂಬುತ್ತೇನೆ.

"ಡಾಕ್ಟರಿಗೆ ತೋರಿಸಿ" ಎನ್ನುವವರ ಮಾತನ್ನು ತಳ್ಳಿಹಾಕುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಒಂದು ರಾತ್ರಿ ಕರೆ ಮಾಡಿದ್ದೆ; ಆ ಕಡೆಯಾಕೆ ಕನ್ನಡದಲ್ಲಿ ತಾಳ್ಮೆಯಿಂದ ಮಾತನಾಡಿಸಿದರು, ಅಂದು ನಿದ್ದೆ ಬಂತು. ಕೊನೆಯಲ್ಲಿ ಅವರು, ಮುಂದಿನ ವರ್ಷಕ್ಕೆ ಏನು ಯೋಚಿಸಿದ್ದೀರಿ ಎಂದು ಕೇಳಿದಾಗ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷದ ಆದೇಶ ಇನ್ನೂ ಬಂದಿರಲಿಲ್ಲ.