ನಿಮ್ಮ ಮಗ ತನ್ನದೇ ಲೋಕದಲ್ಲಿ ಇರ್ತಾನಂತೆ, ಹೌದಾ?

ಇಲ್ಲ. ನಮ್ಮ ಲೋಕದಲ್ಲೇ ಇದ್ದಾನೆ. ಬೆಳಿಗ್ಗೆ ದೋಸೆ ಸೀದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ಅವನಿಗೆ.

ಮಗನಿಗೆ ಆಟಿಸಂ ಇದೆ ಅಂತ ಡಾಕ್ಟರು ಹೇಳಿದಾಗ ಅವನಿಗೆ ಮೂರು ವರ್ಷ. ಈಗ ಹನ್ನೊಂದು. ಅಲ್ಲಿಂದ ಇಲ್ಲಿವರೆಗೆ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಮದುವೆಮನೆಯಲ್ಲಿ ಇದೇ ಪ್ರಶ್ನೆ. ಅದೂ ಅವನ ಎದುರಿಗೇ, ಅವನಿಗೆ ಕಿವಿಯೇ ಇಲ್ಲ ಅನ್ನೋ ಹಾಗೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ತಪ್ಪು ಪೂರ್ತಿ ನಿಮ್ಮದಲ್ಲ. ಪದವೇ ಹಾಗಿದೆ. ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ, ತನ್ನಲ್ಲೇ ತಾನು ಕರಗಿಹೋಗುವುದು. ಆಟಿಸಂ ಕೂಡ ಗ್ರೀಕಿನ ‘ಆಟೋಸ್’ನಿಂದ ಬಂದದ್ದು. ಆಟೋಸ್ ಅಂದರೆ ತಾನು. ಆದರೆ ಆ ಪದ ಹುಟ್ಟಿದ್ದು ಇಂಥ ಮಕ್ಕಳಿಗಾಗಿ ಅಲ್ಲವೇ ಅಲ್ಲ. ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಓಯ್ಗೆನ್ ಬ್ಲಾಯ್ಲರ್ 1910ರ ಸುಮಾರಿಗೆ ಅದನ್ನು ಕಟ್ಟಿದರು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಆ ಹೆಸರು ಕೊಟ್ಟವರೂ ಅವರೇ. ಆ ಕಾಯಿಲೆ ಇದ್ದವರು ಜನರಿಂದ ದೂರ ಸರಿದು ಒಳಗಿನ ಕಲ್ಪನೆಯಲ್ಲಿ ಮುಳುಗುತ್ತಾರಲ್ಲ, ಅದನ್ನು ಆಟಿಸಂ ಅಂದರು.

ಮುಂದೆ 1943ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಹೆಸರಿಗೆ ಬ್ಲಾಯ್ಲರ್ ಪದವನ್ನೇ ತೆಗೆದುಕೊಂಡರು. ಅದೇ ಲೇಖನದಲ್ಲಿ ಒಂದು ಮಾತಿದೆ. ನನಗೆ ತುಂಬಾ ಬೇಕಾದ ಮಾತು. ಸ್ಕಿಜೋಫ್ರೇನಿಯಾ ಇರುವವರು ತಾವು ಇದ್ದ ಲೋಕದಿಂದ ಆಚೆ ಹೆಜ್ಜೆ ಇಡುತ್ತಾರೆ. ಈ ಮಕ್ಕಳಿಗಾದರೆ ಲೋಕ ಮೊದಲಿನಿಂದಲೂ ಅಪರಿಚಿತ, ಅವರು ಹುಷಾರಾಗಿ, ಮೆಲ್ಲಗೆ, ಅದರ ಕಡೆಗೆ ಬರುತ್ತಾರೆ. ದಿಕ್ಕೇ ಉಲ್ಟಾ, ನೋಡಿ! ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂ, ಸ್ಕಿಜೋಫ್ರೇನಿಯಾ ಎರಡನ್ನೂ ಬೇರೆ ಮಾಡಿದ್ದು 1980ರಲ್ಲಿ. ಹೆಸರು ಮಾತ್ರ ಹಳೆಯದೇ ಉಳಿಯಿತು. ಅದೇ ಅರ್ಥ ಕನ್ನಡಕ್ಕೂ ಬಂತು.

ಹೋದ ವರ್ಷ ಒಂದು ಮದುವೆಯಲ್ಲಿ ಗಟ್ಟಿಮೇಳ ಶುರುವಾಯಿತು. ಮಗ ಎರಡೂ ಕಿವಿ ಮುಚ್ಚಿಕೊಂಡು ಎದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಪಾಪ, ಇವನಿಗೆ ಯಾರೂ ಬೇಡ ಅಲ್ವಾ?” ಅಂದರು. ಅವನಿಗೆ ಬೇಡವಾಗಿದ್ದು ಆ ಸದ್ದು, ಜನ ಅಲ್ಲ. ಅವನು ಒಬ್ಬನೇ ಓಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದ.

ಅಡುಗೆಮನೆ ಹಿಂದೆ ದೊಡ್ಡ ಗ್ರೈಂಡರ್ ತಿರುಗುತ್ತಿತ್ತು. ಅದೂ ಸದ್ದೇ, ಆದರೆ ಒಂದೇ ಸಮ ಬರುವ ಸದ್ದು ಅವನಿಗೆ ಹಿತ. ಎಲ್ಲರಿಗೂ ಹೀಗೇ ಅಂತಲ್ಲ, ಆಟಿಸಂ ಇರುವ ಒಬ್ಬರಿದ್ದ ಹಾಗೆ ಇನ್ನೊಬ್ಬರಿಲ್ಲ. ಅವನು ನನ್ನ ಅಂಗೈಯನ್ನು ಗ್ರೈಂಡರಿನ ಬದಿಗೆ ಒತ್ತಿ ಹಿಡಿದ. ಅದರ ನಡುಕ ಮೊಣಕೈವರೆಗೂ ಹತ್ತಿತು. ಒಂದು ಕ್ಷಣ ನನ್ನ ಮುಖ ನೋಡಿದ, ಗೊತ್ತಾಯ್ತಾ ಅನ್ನೋ ಹಾಗೆ. ತನ್ನಲ್ಲೇ ಕರಗಿಹೋದವನು ಅಮ್ಮನ ಕೈಯನ್ನು ಯಾಕೆ ಹುಡುಕುತ್ತಾನೆ, ಹೇಳಿ?

ಅವನಿಗೆ ಏನು ಇಷ್ಟ ಅಂತ ಯಾಕೆ ಯಾರೂ ಕೇಳುವುದಿಲ್ಲ? ಆ ಪ್ರಶ್ನೆಗೆ ನಾನು ಗಂಟೆಗಟ್ಟಲೆ ಉತ್ತರ ಹೇಳಬಲ್ಲೆ.

ಕಾಯಿ ತುರಿಯುತ್ತಿದ್ದ ಅಡುಗೆಯವರು ಕೇಳಿದರು. ನನ್ನನ್ನಲ್ಲ, ಅವನನ್ನೇ. “ಏನೋ ಮರಿ, ಇದು ಇಷ್ಟಾನಾ?” ಅವನು ಮಾತಾಡಲಿಲ್ಲ. ಅವರು ಮತ್ತೆ ಕೇಳಲಿಲ್ಲ, ಉತ್ತರಕ್ಕೆ ನನ್ನ ಕಡೆ ತಿರುಗಲೂ ಇಲ್ಲ. ಸುಮ್ನೆ ಕಾಯಿ ತುರಿಯುತ್ತಾ ಇದ್ದರು. ಎಷ್ಟೋ ಹೊತ್ತಾದ ಮೇಲೆ ಮಗ, “ತಿರುಗತ್ತೆ” ಅಂದ.

“ಹೂಂ, ತಿರುಗತ್ತೆ” ಅಂದರು ಅವರು. ಒಂದು ಚೂರು ಕಾಯಿ ಕೊಟ್ಟರು.

ಚಟ್ನಿ ನುಣ್ಣಗಾಗುವ ತನಕ ಮೂರೂ ಜನ ಅಲ್ಲೇ ಇದ್ದೆವು. ತಾಳಿ ಕಟ್ಟಿದ್ದನ್ನು ನಾವು ನೋಡಲೇ ಇಲ್ಲ.