ಪಿಎಚ್‌ಡಿ, ಝೊಟೆರೊ ಮತ್ತು ಗೋಳಿಬಜೆ

ಪಿಎಚ್‌ಡಿ ಅಂದರೆ ಓದುವುದು, ಬರೆಯುವುದು, ಇಷ್ಟೇ ಅಂದುಕೊಂಡು ಸೇರಿದ್ದೆ. ಯುಜಿಸಿಯ 2022ರ ನಿಯಮ ನೋಡಿದರೆ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಅದರಲ್ಲೇ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪಾಠ, ಜತೆಗೆ ಕಲಿಸುವುದಕ್ಕೂ ಬರೆಯುವುದಕ್ಕೂ ತರಬೇತಿ, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್ಲೋ ಲ್ಯಾಬೋ ವಹಿಸಬಹುದು ಅಂತಲೂ ಇದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ, ಅಲ್ವಾ?

ನನಗೆ ಪೆಟ್ಟು ಬಿದ್ದದ್ದು ಉಲ್ಲೇಖಗಳ ಪಟ್ಟಿಯಲ್ಲಿ. ಎಂಬತ್ತಕ್ಕೂ ಜಾಸ್ತಿ ಇದ್ದವು, ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದೆ. ಜರ್ನಲ್‌ನವರು ಉಲ್ಲೇಖಗಳ ಶೈಲಿ ಬದಲಿಸಿ ಅಂದರು. ಜೋರು ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ನಾನು ರಾತ್ರಿಯಿಡೀ ಕಾಮಾ, ಬ್ರಾಕೆಟ್ ಹುಡುಕುತ್ತಾ ಕುಳಿತಿದ್ದೆ. ಮರುದಿನ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಜೂನಿಯರ್ ಒಬ್ಬಳು, "ಅಕ್ಕ, ಝೊಟೆರೊ ಹಾಕಿಕೊಂಡಿಲ್ವಾ? ಫ್ರೀ ಉಂಟಲ್ಲ" ಅಂದಳು. ಉಲ್ಲೇಖಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಅದು, ಶೈಲಿ ಬದಲಿಸಲು ಅದರಲ್ಲಿ ಎರಡು ಕ್ಲಿಕ್ ಸಾಕು. ಮೂರು ವರ್ಷ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಈಗ ಶುಕ್ರವಾರ ಸಂಜೆ ನಾವು ಐದು ಜನ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಾ ಒಬ್ಬರಿಗೊಬ್ಬರು ಕಲಿಸುತ್ತೇವೆ. ಹೋದ ವಾರ ನನ್ನ ವಿಷಯವನ್ನು 3 ನಿಮಿಷದಲ್ಲಿ ಹೇಳಬೇಕಿತ್ತು. ಎರಡು ನಿಮಿಷ ಪೀಠಿಕೆಗೇ ಹೋಯಿತು ಮಾರಾಯ್ರೇ.